ದಂಡ ಹಾಕುವ ಕಟ್ಟೆ, ತಿದ್ದುವ ಸಭೆ

ನಮ್ಮಜ್ಜ ಆರು ವರ್ಷ ಜೀತಕ್ಕಿದ್ದರು. ಬರಗಾಲದ ಸಾಲಕ್ಕಲ್ಲ, ಮದುವೆಯ ಸಾಲಕ್ಕೂ ಅಲ್ಲ. ನಮ್ಮದೇ ಕೇರಿಯ ಕಟ್ಟೆ ಹಾಕಿದ ದಂಡ ಕಟ್ಟಲು ಮಾಡಿದ ಸಾಲಕ್ಕೆ. ಆಗ ಅವರಿಗೆ ಇಪ್ಪತ್ತು ವರ್ಷ ಇದ್ದೀತು. ಮಾರಿಹಬ್ಬದ ರಾತ್ರಿ ಕುಡಿದು ದಾಯಾದಿಯೊಬ್ಬನ ತಲೆಗೆ ಕೋಲಿನಿಂದ ಹೊಡೆದಿದ್ದರು. ತಪ್ಪು ತಪ್ಪೇ. ಅಜ್ಜಿಯೂ ಅದನ್ನು ಒಪ್ಪುತ್ತಾಳೆ. ಆದರೆ ಮರುದಿನ ನಡೆದ ನ್ಯಾಯವನ್ನು ನೆನೆದರೆ ಇವತ್ತಿಗೂ ಅವಳ ದನಿ ಗಡುಸಾಗುತ್ತದೆ. 'ಕುಲದ ಹಿರೇರು ಕಟ್ಟೆ ಮ್ಯಾಲೆ ಕುಂತಿದ್ರು. ನಿಮ್ಮಜ್ಜ ಟವಲ್ಲು ಕೊರಳಿಗೆ ಹಾಕ್ಕೊಂಡು ಬಿಸಿಲಾಗೆ ನಿಂತಿದ್ದ. ಯಾಕೆ ಹೊಡೆದೆ ಅಂತ ಒಬ್ರೂ ಕೇಳ್ಲಿಲ್ಲ ಕಣೋ. ಎಷ್ಟು ಕಟ್ತೀಯ ಅಂತ ಕೇಳಿದ್ರು.'

ದಂಡ, ಅದರ ಮೇಲೆ ಕೇರಿಗೆಲ್ಲ ಊಟ. ಅದು ತೀರುವ ತನಕ ಯಾರೂ ಬೆಂಕಿ ಕೊಡುವಂತಿಲ್ಲ, ನೀರು ಕೊಡುವಂತಿಲ್ಲ, ಮಾತಾಡಿಸುವಂತಿಲ್ಲ. ಕಟ್ಟಲು ಕೈಯಲ್ಲಿ ಕಾಸಿರಲಿಲ್ಲ. ಅಜ್ಜ ಊರ ಜಮೀನ್ದಾರರ ಅಂಗಳದಲ್ಲಿ ನಿಂತು ಹೆಬ್ಬೆಟ್ಟು ಒತ್ತಿದರು. ಕೇರಿ ಒಂದು ದಿನ ಉಂಡಿತು. ಅಜ್ಜ ಆರು ವರ್ಷ ಸಗಣಿ ಬಾಚಿದರು. 1976ರಲ್ಲಿ ಜೀತ ರದ್ದು ಮಾಡುವ ಕಾನೂನು ಬರುವ ಹೊತ್ತಿಗೆ ಅವರು ಜೀತ ಮುಗಿಸಿ ಕೂಲಿಗೆ ಹೋಗುತ್ತಿದ್ದರು. ಆ ಕಾನೂನು ಅವರಿಗೆ ಏನನ್ನೂ ವಾಪಸು ಕೊಡಲಿಲ್ಲ.

ಈ ಕತೆ ಈಗ ಯಾಕೆ ನೆನಪಾಯಿತು ಅಂದರೆ, ಹೋದ ಮಳೆಗಾಲದಲ್ಲಿ ನಮ್ಮ ಚಿಕ್ಕಮ್ಮನ ಮಗನೂ ಒಂದು ತಪ್ಪು ಮಾಡಿದ. ಅವನಿಗೆ ಹತ್ತೊಂಬತ್ತು. ಚಿಕ್ಕಮ್ಮನ ಮನೆಯವರು ಹತ್ತು ವರ್ಷದಿಂದ ಶಿಕಾರಿಪುರ ತಾಲೂಕಿನ ಒಂದು ಸಣ್ಣ ಕ್ರೈಸ್ತ ಸಭೆಗೆ ಹೋಗುತ್ತಾರೆ. ತಗಡಿನ ಚಾವಣಿ, ಎರಡು ಜಮಖಾನ, ಒಂದು ಕೀಬೋರ್ಡು, ಇಪ್ಪತ್ತೈದು ಮನೆಯ ಜನ. ಹುಡುಗ ಕೀಬೋರ್ಡು ಬಾರಿಸುತ್ತಿದ್ದ. ಕಾಣಿಕೆ ಪೆಟ್ಟಿಗೆಯ ಬೀಗದ ಕೈಯೂ ಅವನ ಹತ್ತಿರವೇ ಇರುತ್ತಿತ್ತು. ಮೊಬೈಲಿನಲ್ಲಿ ಕ್ರಿಕೆಟ್ ಬೆಟ್ಟಿಂಗ್ ಆಡೋ ಚಟಕ್ಕೆ ಬಿದ್ದು ಎರಡು ತಿಂಗಳಲ್ಲಿ ನಾಲ್ಕು ಸಾವಿರ ರೂಪಾಯಿ ತೆಗೆದುಬಿಟ್ಟಿದ್ದ. ಅಡಿಕೆ ಸುಲಿಯೋ ಹೆಂಗಸರು, ಜೋಳ ಮುರಿಯೋ ಕೂಲಿಯವರು ಹತ್ತು ಇಪ್ಪತ್ತು ಅಂತ ಹಾಕಿದ ದುಡ್ಡು ಅದು.

ಚಿಕ್ಕಮ್ಮ ನನಗೆ ಫೋನು ಮಾಡಿ ಅತ್ತಳು. 'ನೀನು ಓದಿದೋನು, ಬಾರಪ್ಪ. ಪೊಲೀಸಿಗೆ ಕೊಟ್ರೆ ಏನು ಮಾಡೋದು?' ನಾನು ಕ್ರೈಸ್ತನಲ್ಲ. ನಮ್ಮ ಮನೆಯ ಗೋಡೆಯ ಮೇಲೆ ಇರುವುದು ಬಾಬಾಸಾಹೇಬರ ಪಟ ಒಂದೇ. ಆದರೂ ಹೋದೆ. ಕಾನೂನು ಮಾತಾಡಬೇಕಾದೀತು ಅಂತ ತಯಾರಾಗಿಯೇ ಹೋದೆ. ಮಾತಾಡುವ ಸಂದರ್ಭ ಬರಲಿಲ್ಲ.

ನಾನು ಹೋಗುವ ಮೊದಲು ನಡೆದದ್ದು ಇಷ್ಟು. ಲೆಕ್ಕ ತಪ್ಪಿದ್ದು ಗೊತ್ತಾದ ದಿನ ಪಾಸ್ಟರು ಯಾರಿಗೂ ಹೇಳಲಿಲ್ಲ. ಸಂಜೆ ಮನೆಗೆ ಬಂದು ಹುಡುಗನನ್ನು ಕೆರೆ ಏರಿಗೆ ಕರೆದುಕೊಂಡು ಹೋಗಿ ಕೂತು ಕೇಳಿದರು. ಅವನು ಇಲ್ಲ ಅಂದ. 'ಆಯ್ತು, ನಾಳೆ ಬರ್ತೀನಿ' ಅಂದು ಹೋದರು. ಮರುದಿನ ಬಂದರು, ಅದರ ಮರುದಿನವೂ ಬಂದರು. ನಾಲ್ಕನೇ ದಿನ ಇಬ್ಬರನ್ನು ಜೊತೆಗೆ ಕರೆತಂದರು. ಒಬ್ಬರು ಗಾರೆ ಮೇಸ್ತ್ರಿ, ಇನ್ನೊಬ್ಬರು ಎಲ್ಲರೂ ದೊಡ್ಡವ್ವ ಅಂತ ಕರೆಯುವ ಮುದುಕಿ. ಅವತ್ತು ಅವನು ಒಪ್ಪಿಕೊಂಡು ಅತ್ತ. ಆ ಭಾನುವಾರ ಆರಾಧನೆ ಮುಗಿದ ಮೇಲೆ, ಸಭೆಯವರಷ್ಟೇ ಕೂತಿದ್ದಾಗ, ತಾನೇ ಎದ್ದು ಹೇಳಿದ. ಆಗ ನಾನೂ ಹಿಂದೆ ಗೋಡೆಗೆ ಒರಗಿ ಕೂತಿದ್ದೆ.

ಮೇಸ್ತ್ರಿ ಹೇಳಿದ ಮಾತು ನನಗೆ ಹಾಗೇ ನೆನಪಿದೆ. 'ಬೀಗದ ಕೈ ಹುಡುಗನ ಕೈಗೆ ಕೊಟ್ಟು ಎರಡು ತಿಂಗಳು ಲೆಕ್ಕ ನೋಡ್ದೆ ಇದ್ದೋರು ನಾವು. ಇವನೊಬ್ಬನದೇ ತಪ್ಪು ಅಂದ್ರೆ ಅದೂ ಸುಳ್ಳಾಗ್ತದೆ.' ಕೊನೆಗೆ ತೀರ್ಮಾನ ಆಯಿತು. ರಜೆ ದಿನ ಮೇಸ್ತ್ರಿಯ ಜೊತೆ ಕೆಲಸಕ್ಕೆ ಹೋಗಬೇಕು. ವಾರಕ್ಕೆ ಇನ್ನೂರು ರೂಪಾಯಿಯಂತೆ ಇಪ್ಪತ್ತು ವಾರ ಕಟ್ಟಬೇಕು. ಅಲ್ಲಿಯ ತನಕ ಕೀಬೋರ್ಡು ಮುಟ್ಟುವಂತಿಲ್ಲ, ಕರ್ತನ ಭೋಜನದ ರೊಟ್ಟಿ ತೆಗೆದುಕೊಳ್ಳುವಂತಿಲ್ಲ. ಆದರೆ ಪ್ರತಿ ವಾರ ಬರಲೇಬೇಕು, ಮುಂದಿನ ಜಮಖಾನದಲ್ಲೇ ಕೂರಬೇಕು. ದೊಡ್ಡವ್ವ ಎದ್ದು, 'ಇವನು ತಗಳೋ ತನಕ ನಾನೂ ರೊಟ್ಟಿ ಮುಟ್ಟಾಕಿಲ್ಲ' ಅಂದಳು. ಹುಡುಗ ತಲೆ ತಗ್ಗಿಸಿದ. ಕಟ್ಟೆಯ ಮುಂದೆ ನಮ್ಮಜ್ಜ ತಗ್ಗಿಸಿದ ತಲೆಯೇ ಬೇರೆ, ಇದೇ ಬೇರೆ.

ಈ ಪದ್ಧತಿ ಎಲ್ಲಿಂದ ಬಂತು ಅಂತ ಅವತ್ತಿನಿಂದ ಹುಡುಕುತ್ತಿದ್ದೇನೆ. ಹುಡುಕಿದ್ದನ್ನು ಇಲ್ಲಿ ಇಡುತ್ತೇನೆ.

ಮೂಲ ಅವರ ಪುಸ್ತಕದಲ್ಲೇ ಇದೆ. ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಇದಕ್ಕೊಂದು ಕ್ರಮ ಹೇಳುತ್ತಾನೆ. ಸಹೋದರ ತಪ್ಪು ಮಾಡಿದರೆ ಮೊದಲು ನೀನೊಬ್ಬನೇ ಹೋಗಿ ಅವನೊಬ್ಬನಿಗೇ ಹೇಳು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಅವರ ಮಾತೂ ಕೇಳದಿದ್ದರೆ ಸಭೆಗೆ ಹೇಳು. ಸಭೆಯನ್ನೂ ಕೇಳದಿದ್ದರೆ ಅವನು ನಿನಗೆ ಹೊರಗಿನವನ ಹಾಗೆ, ಸುಂಕದವನ ಹಾಗೆ ಇರಲಿ. ಈ ಕೊನೆಯ ಮಾತನ್ನು ಹಿಡಿದುಕೊಂಡು ಎಷ್ಟೋ ಸಭೆಗಳು ಎಷ್ಟೋ ಜನರನ್ನು ಆಚೆಗೆ ಹಾಕಿವೆ. ಆದರೆ ಅದೇ ಪುಸ್ತಕದ ಪ್ರಕಾರ ಯೇಸು ಸುಂಕದವರ ಮನೆಗೇ ಹೋಗಿ ಉಂಡವನು. ಮತ್ತಾಯನನ್ನು ಅವನು ಕರೆದದ್ದೂ ಸುಂಕದ ಕಟ್ಟೆಯಿಂದಲೇ. ಹಾಗಾದರೆ ಸುಂಕದವನ ಹಾಗೆ ನೋಡು ಅಂದರೆ ಏನರ್ಥ? ಮತ್ತೆ ಮೊದಲಿನಿಂದ ಅವನ ಮನೆಗೆ ಹೋಗು ಅಂತಲೇ ನನಗೆ ಕೇಳಿಸುತ್ತದೆ.

ಪೌಲನ ಪತ್ರಗಳಲ್ಲಿ ಎರಡೂ ಕೈ ಕಾಣುತ್ತವೆ. ಕೊರಿಂಥ ಎಂಬ ಬಂದರು ಪಟ್ಟಣದ ಸಭೆಗೆ, ಕ್ರಿ.ಶ. ಒಂದನೇ ಶತಮಾನದ ನಡುವಿನಲ್ಲಿ ಬರೆದ ಮೊದಲ ಪತ್ರದಲ್ಲಿ, ಕೆಟ್ಟ ನಡತೆಯವನೊಬ್ಬನನ್ನು ನಿಮ್ಮೊಳಗಿಂದ ತೆಗೆದುಹಾಕಿ ಎಂದು ಅವನು ಕಟುವಾಗಿ ಹೇಳುತ್ತಾನೆ. ಎರಡನೇ ಪತ್ರದಲ್ಲಿ, ಸಭೆಯ ಶಿಕ್ಷೆಗೆ ಒಳಗಾದ ಒಬ್ಬನ ವಿಷಯ ಬಂದಾಗ, ಆದದ್ದು ಸಾಕು, ಇನ್ನು ಕ್ಷಮಿಸಿ ಸಮಾಧಾನ ಹೇಳಿ, ಇಲ್ಲವಾದರೆ ದುಃಖದಲ್ಲೇ ಮುಳುಗಿಹೋದಾನು ಎಂಬ ಅರ್ಥದ ಮಾತು ಬರೆಯುತ್ತಾನೆ. ಶಿಕ್ಷೆಗೆ ಒಂದು ಕೊನೆ ಇರಬೇಕು, ಆ ಕೊನೆಯನ್ನು ಸಭೆಯೇ ಬಾಯಿಬಿಟ್ಟು ಹೇಳಬೇಕು. ನಮ್ಮ ಕಟ್ಟೆಯ ದಂಡಕ್ಕೆ ಅಂಥ ಕೊನೆ ಇರಲಿಲ್ಲ. ದಂಡ ಕಟ್ಟಿ ಇಪ್ಪತ್ತು ವರ್ಷವಾದ ಮೇಲೂ ಅಜ್ಜನನ್ನು 'ತಲೆ ಒಡೆದೋನು' ಅಂತಲೇ ಕರೆಯುತ್ತಿದ್ದರು.

ಇನ್ನು ಪದ್ಧತಿ ಹೇಗೆ ನಡೆದುಬಂತು ಅಂತ ನೋಡೋಣ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದಲ್ಲಿ ಜಾನ್ ವೆಸ್ಲಿಯ ಮೆಥಡಿಸ್ಟರು ತಮ್ಮ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಒಂದು ಉಪಾಯ ಮಾಡಿದರು. ಸುಮಾರು ಹನ್ನೆರಡು ಜನರಿಗೆ ಒಬ್ಬ ಮುಖಂಡ. ಅವನು ವಾರಕ್ಕೊಮ್ಮೆ ಮನೆಮನೆಗೆ ಹೋಗಿ ತಲೆಗೊಂದು ಪೆನ್ನಿ ಎತ್ತಬೇಕು. ಕೊಡಲಾಗದವರ ಪಾಲನ್ನು ಅವನೇ ಹಾಕಬೇಕು. ಕಾಸು ಎತ್ತಲು ಹೋದವರು ಮನೆಯೊಳಗಿನ ಸಂಗತಿ ಕಂಡರು. ಒಬ್ಬ ಕುಡಿದು ಹೆಂಡತಿಯನ್ನು ಹೊಡೆಯುತ್ತಿದ್ದಾನೆ, ಇನ್ನೊಬ್ಬನಿಗೆ ಕೆಲಸವಿಲ್ಲ, ಮತ್ತೊಬ್ಬ ಹಾಸಿಗೆ ಹಿಡಿದಿದ್ದಾನೆ. ಕೊನೆಗೆ ಅದೇ ವಾರದ ಕೂಟವಾಯಿತು. ಹನ್ನೆರಡು ಜನ ಕೂತು ಒಬ್ಬೊಬ್ಬರೂ ತಮ್ಮ ವಾರ ಹೇಗಾಯಿತು ಅಂತ ಹೇಳೋದು. ಮುಖಂಡನೂ ಹೇಳಬೇಕು. ಮೂರು ತಿಂಗಳಿಗೊಮ್ಮೆ ಸದಸ್ಯರಿಗೆ ಒಂದು ಚೀಟಿ. ನಡತೆ ಕೆಟ್ಟವರಿಗೆ ಚೀಟಿ ಸಿಗುತ್ತಿರಲಿಲ್ಲ, ತಿದ್ದಿಕೊಂಡರೆ ಮತ್ತೆ ಸಿಗುತ್ತಿತ್ತು.

ಈ ವೆಸ್ಲಿಯನ್ ಮಿಷನ್ನೇ 19ನೇ ಶತಮಾನದಲ್ಲಿ ಬೆಂಗಳೂರು, ಮೈಸೂರು, ತುಮಕೂರುಗಳಲ್ಲಿ ನೆಲೆ ಮಾಡಿ, ಆ ಶತಮಾನದ ಉತ್ತರಾರ್ಧದಲ್ಲಿ ನಮ್ಮ ಶಿವಮೊಗ್ಗಕ್ಕೂ ಬಂತು. ಅದಕ್ಕೆ ಮೊದಲೇ, 1831ರ ಹೊತ್ತಿಗೆ, ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರ ಕೆಲಸದಿಂದ ಕನ್ನಡದಲ್ಲಿ ಪೂರ್ತಿ ಬೈಬಲ್ಲು ಬಂದಿತ್ತು. ಅಂದರೆ 'ಮೊದಲು ಒಬ್ಬನೇ ಹೋಗಿ ಹೇಳು' ಎಂಬ ವಿಧಿ ನಮ್ಮ ಭಾಷೆಯಲ್ಲಿ ಅಚ್ಚಾಗಿ ಎರಡು ಶತಮಾನ ಆಗುತ್ತಾ ಬಂತು. ಮುಂದೆ 1876ರಿಂದ 78ರ ಮಹಾ ಬರಗಾಲದಲ್ಲಿ ಮೈಸೂರು ಸೀಮೆಯ ಲಕ್ಷಾಂತರ ಜನ ಸತ್ತು, ದಿಕ್ಕಿಲ್ಲದ ಮಕ್ಕಳು ಬೀದಿಗೆ ಬಿದ್ದಾಗ ಮಿಷನ್ನುಗಳು ಅನಾಥಾಲಯ ತೆರೆದವು. ಆ ಮಕ್ಕಳಿಗೆ ತಾಯಿ, ಮೇಷ್ಟ್ರು, ನ್ಯಾಯಾಧೀಶ ಎಲ್ಲವೂ ಸಭೆಯೇ. ತಪ್ಪು ಮಾಡಿದ ಹುಡುಗನನ್ನು ಏನು ಮಾಡಬೇಕು ಎಂಬುದು ಅವರ ಪಾಲಿಗೆ ದಿನನಿತ್ಯದ ಪ್ರಶ್ನೆಯಾಗಿತ್ತು.

ಕರಾವಳಿಯಲ್ಲಿ ಇದು ಇನ್ನೂ ಬಿಗಿಯಾಗಿ ನಡೆಯಿತು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದು ಬಾಸೆಲ್ ಮಿಷನ್ನಿನ ಕೆಲಸ ಶುರು ಮಾಡಿದರು. ಅವರ ಸಭೆಗಳಿಗೆ ನಿಯಮಗಳಿದ್ದವು, ಹಿರಿಯರ ಮಂಡಳಿ ಇತ್ತು. ಮೊದಲು ಖಾಸಗಿ ಬುದ್ಧಿವಾದ, ಆಮೇಲೆ ಹಿರಿಯರ ಮುಂದೆ ಎಚ್ಚರಿಕೆ, ಆಮೇಲೆ ಕರ್ತನ ಭೋಜನದಿಂದ ದೂರ ಇಡುವುದು, ಕೊನೆಗೆ ಸಭೆಯಿಂದ ಹೊರಗೆ. ಕುಡಿತ, ಜಗಳ, ಸುಳ್ಳು, ಹಳೆಯ ದೈವಕ್ಕೆ ಹರಕೆ, ಸಭೆಯ ಒಪ್ಪಿಗೆ ಇಲ್ಲದ ಮದುವೆ, ಎಲ್ಲವೂ ವಿಚಾರಣೆಗೆ ಬರುತ್ತಿದ್ದವು. ಹೊರಗೆ ಹಾಕಿದವರ ಲೆಕ್ಕದ ಜೊತೆಗೆ ಮರಳಿ ಸೇರಿಸಿಕೊಂಡವರ ಲೆಕ್ಕವನ್ನೂ ಅವರು ಇಡುತ್ತಿದ್ದರು. ಹೊರಗಾದವನು ಒಂದು ದಿನ ಬಂದಾನು ಅಂತ ಜಾಗ ಬಿಟ್ಟು ಬರೆದ ಲೆಕ್ಕ ಅದು. ನಮ್ಮ ಕುಲದ ಕಟ್ಟೆಗೆ ಪುಸ್ತಕವೂ ಇರಲಿಲ್ಲ, ಆ ಜಾಗವೂ ಇರಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಮಿಷನ್ನಿನ ಕರಪತ್ರ ಬರೆದ ಹಾಗಾಗುತ್ತದೆ. ಇನ್ನೊಂದು ಮುಖವನ್ನೂ ಹೇಳಲೇಬೇಕು.

ಮಂಗಳೂರಿನಲ್ಲಿ ಸಭೆಗೆ ಸೇರಿದವರಲ್ಲಿ ಬಹಳ ಜನ ಬಿಲ್ಲವರು. ಶೇಂದಿ ಇಳಿಸುವ ಕಸುಬು ಬಿಟ್ಟು ಬಂದವರಿಗೆ ಅನ್ನ ಬೇಕಿತ್ತು. 1851ರಲ್ಲಿ ನೇಯ್ಗೆಯ ಕೆಲಸ ಆರಂಭವಾಯಿತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಬಂತು. ಇದು ದೊಡ್ಡ ಕೆಲಸ, ಇಲ್ಲ ಅನ್ನಲಾರೆ. ಆದರೆ ಕೂಲಿ ಕೊಡುವವರೂ ಮಿಷನ್ನಿನವರೇ, ಎಷ್ಟೋ ಜನರಿಗೆ ಮನೆಯ ಜಾಗ ಕೊಟ್ಟವರೂ ಅವರೇ, ತಪ್ಪು ಒಪ್ಪು ನೋಡುವವರೂ ಅವರೇ. 1850ರ ದಶಕದಲ್ಲಿ ಹೆರ್ಮನ್ ಮೋಗ್ಲಿಂಗ್ ಕೊಡಗಿಗೆ ಹೋದ ಮೇಲೆ, ತಲೆತಲಾಂತರದಿಂದ ಒಡೆಯರ ಗದ್ದೆಗೆ ಕಟ್ಟುಬಿದ್ದಿದ್ದ ಹೊಲೆಯರಿಗೆ ಆನಂದಪುರ ಎಂಬ ನೆಲೆ ಆಯಿತು. ಹಳೆ ಒಡೆಯ ಹೋದ. ಆದರೆ ಕಾಲ ಕೆಳಗಿನ ನೆಲ ಅಲ್ಲೂ ಅವರದಾಗಿರಲಿಲ್ಲ. ಬುದ್ಧಿ ಹೇಳುವವನ ಕೈಯಲ್ಲೇ ನಿನ್ನ ಕೂಲಿ, ನಿನ್ನ ಮನೆ ಇದ್ದರೆ, ಅವನು ಎಷ್ಟೇ ಮೆಲ್ಲಗೆ ಹೇಳಿದರೂ ನಿನಗೆ ಕೇಳಿಸುವುದು ಬೆದರಿಕೆಯೇ. ನಮ್ಮಜ್ಜ ಹೆಬ್ಬೆಟ್ಟು ಒತ್ತಿದ ಅಂಗಳಕ್ಕೂ ಇದಕ್ಕೂ ದೂರ ಬಹಳ. ಆದರೂ ಎರಡಕ್ಕೂ ನಡುವೆ ಒಂದು ಕಾಲುದಾರಿ ಇದೆ.

ಜಾತಿಯೂ ಬಾಗಿಲ ಹೊರಗೆ ನಿಲ್ಲಲಿಲ್ಲ. ದಕ್ಷಿಣ ಭಾರತದ ಎಷ್ಟೋ ಚರ್ಚುಗಳಲ್ಲಿ ದಲಿತರಿಗೆ ಬೇರೆ ಸಾಲು, ಬೇರೆ ಸ್ಮಶಾನ ಇದ್ದದ್ದು ದಾಖಲಾದ ಸಂಗತಿ. ಕ್ರೈಸ್ತರಾದ ಅಸ್ಪೃಶ್ಯರ ಸ್ಥಿತಿಯ ಬಗ್ಗೆ ಬಾಬಾಸಾಹೇಬರು ಬರೆದದ್ದನ್ನು ಓದಿದರೆ ನಮ್ಮ ಕ್ರೈಸ್ತ ಬಂಧುಗಳಿಗೆ ಹಿತವಾಗಲಾರದು. ಸಭೆ ಬಿಟ್ಟುಕೊಟ್ಟ ದಲಿತ ಕ್ರೈಸ್ತನನ್ನು ಸರ್ಕಾರವೂ ಹಿಡಿದುಕೊಳ್ಳುವುದಿಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದ ದಲಿತ ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗೆ. ಆ ಬಾಗಿಲು ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ತೆರೆಯಿತು. ಇಂಥವನನ್ನು ಸಭೆ ಆಚೆಗೆ ಹಾಕಿದರೆ ಅವನು ಹೋಗುವುದಾದರೂ ಎಲ್ಲಿಗೆ? 1936ರ 'ಜಾತಿ ವಿನಾಶ'ದಲ್ಲಿ ಬಾಬಾಸಾಹೇಬರು, ಶಿಕ್ಷೆಯಾಗಿ ನೋಡಿದರೆ ಬಹಿಷ್ಕಾರಕ್ಕೂ ಮರಣಕ್ಕೂ ಅಂಥ ಅಂತರವಿಲ್ಲ ಎಂಬ ಅರ್ಥದಲ್ಲಿ ಹೇಳಿದ್ದಾರೆ. ಅವರು ಹೇಳಿದ್ದು ಜಾತಿಯ ಬಗ್ಗೆ. ಅದು ಸಭೆಗೂ ಅನ್ವಯಿಸುತ್ತದೆ.

ಇನ್ನು ಹೆಣ್ಣುಮಕ್ಕಳ ಮಾತು. ಆ ಭಾನುವಾರ ಹುಡುಗನ ವಿಷಯ ತೀರ್ಮಾನವಾಗಿ ಎಲ್ಲರೂ ಏಳುವ ಹೊತ್ತಿಗೆ ದೊಡ್ಡವ್ವ ಕೂತಲ್ಲಿಂದಲೇ ಕೇಳಿದಳು. 'ಹೋದ ವರ್ಷ ಆ ಹುಡುಗಿಗೆ ಯಾಕೆ ಹಿಂಗೆ ಮಾಡ್ಲಿಲ್ಲ?' ಯಾರೂ ಉತ್ತರ ಕೊಡಲಿಲ್ಲ. ಆಮೇಲೆ ಚಿಕ್ಕಮ್ಮನಿಂದ ನನಗೆ ಗೊತ್ತಾಯಿತು. ಪಿಯುಸಿ ಓದುತ್ತಿದ್ದ ಹುಡುಗಿ, ಬೇರೆ ಜಾತಿಯ ಹುಡುಗನ ಜೊತೆ ಬಸ್‌ಸ್ಟ್ಯಾಂಡಿನಲ್ಲಿ ಮಾತಾಡಿದ್ದನ್ನು ಯಾರೋ ಕಂಡರಂತೆ. ಅವಳನ್ನು ಕೆರೆ ಏರಿಗೆ ಯಾರೂ ಕರೆದುಕೊಂಡು ಹೋಗಲಿಲ್ಲ. ಇಬ್ಬರು ಹಿರಿಯರು ಮನೆಗೆ ಹೋಗಲಿಲ್ಲ. ಮುಂದಿನ ಭಾನುವಾರ ನೇರವಾಗಿ ಪ್ರಸಂಗದಲ್ಲೇ, ಹೆಸರು ಹೇಳದೆ, ಆದರೆ ಎಲ್ಲರಿಗೂ ತಿಳಿಯುವ ಹಾಗೆ, ಮಾತು ಬಂತು. ಅವಳು ನಡುವೆಯೇ ಎದ್ದು ಹೋದಳು. ತಿರುಗಿ ಬರಲಿಲ್ಲ. ನಾಲ್ಕು ಸಾವಿರ ಕದ್ದ ಹುಡುಗನಿಗೆ ನಾಲ್ಕು ಮೆಟ್ಟಿಲು, ಏನೂ ಕದಿಯದ ಹುಡುಗಿಗೆ ಒಂದೇ ಏಟು. ನಿಯಮ ಪುಸ್ತಕದಲ್ಲಿತ್ತು. ಗಂಡುಮಗನ ತಪ್ಪಿಗೆ ಪುಸ್ತಕ ತೆರೆದರು, ಹೆಣ್ಣುಮಗಳ ವಿಷಯಕ್ಕೆ ತೆರೆಯಲಿಲ್ಲ. ಇಷ್ಟಕ್ಕೂ ಅವಳು ಮಾಡಿದ್ದು ತಪ್ಪಾದರೂ ಹೇಗೆ? ಜಾತಿ ಇಲ್ಲ ಅಂತ ಹಾಡುವ ಜನ ಹುಡುಗನ ಜಾತಿ ನೋಡಿ ತಪ್ಪು ಅಂದರು.

ಇದನ್ನು ಬರೆಯುವಾಗ ನನಗೆ ಇದೇ ಶಿಕಾರಿಪುರ ತಾಲೂಕಿನ ಇಬ್ಬರು ನೆನಪಾಗುತ್ತಾರೆ. ಬಳ್ಳಿಗಾವಿಯ ಅಲ್ಲಮ, ಉಡುತಡಿಯ ಅಕ್ಕಮಹಾದೇವಿ. 12ನೇ ಶತಮಾನದಲ್ಲಿ, ಮನೆ ಬಿಟ್ಟು, ಬಟ್ಟೆಯನ್ನೂ ಬಿಟ್ಟು ಕೂದಲನ್ನೇ ಹೊದ್ದು ಕಲ್ಯಾಣಕ್ಕೆ ಬಂದ ಈ ಹರೆಯದ ಹೆಣ್ಣನ್ನು ಶರಣರ ಸಭೆಯಲ್ಲಿ ಅಲ್ಲಮ ಬಿರುಸಾಗಿಯೇ ಪ್ರಶ್ನಿಸಿದ ಅಂತ 15ನೇ ಶತಮಾನದ ಶೂನ್ಯಸಂಪಾದನೆ ಹೇಳುತ್ತದೆ. ಬಟ್ಟೆ ಬಿಟ್ಟವಳು ಕೂದಲಲ್ಲಿ ಮೈ ಮುಚ್ಚಿಕೊಂಡದ್ದು ಯಾಕೆ ಅಂತಲೂ ಕೇಳಿದ. ಅಕ್ಕ ಒಂದೊಂದಕ್ಕೂ ಎದುರು ಉತ್ತರ ಕೊಟ್ಟಳು. ಕೇಳಿದವನು ಕೊನೆಗೆ ಅವಳ ನಿಲುವನ್ನು ಒಪ್ಪಿ ಗೌರವಿಸಿದ. ಪ್ರಶ್ನೆಗೆ ಒಳಗಾದವಳು ಮಾತಾಡಬಹುದಿತ್ತು. ಪೀಠದ ಮೇಲಿದ್ದವನು ಅವಳ ಮಾತು ಕೇಳಿ ಬದಲಾಗಬಹುದಿತ್ತು. ನಮ್ಮ ಸಭೆಯ ಆ ಹುಡುಗಿಗೆ ಉತ್ತರ ಹೇಳಲು ಒಂದು ನಿಮಿಷ ಯಾರಾದರೂ ಕೊಟ್ಟಿದ್ದರೆ?

ಬಳ್ಳಿಗಾವಿಯಲ್ಲಿ ಬೌದ್ಧ ವಿಹಾರವೂ ಇತ್ತು ಅಂತ 11ನೇ ಶತಮಾನದ ಶಾಸನಗಳು ಹೇಳುತ್ತ‍ವೆ. ಬುದ್ಧನ ಸಂಘದ ವಿನಯ ನಿಯಮಗಳಲ್ಲಿ ತಪ್ಪು ಮಾಡಿದ ಭಿಕ್ಷುವಿಗೂ ಒಂದು ಕ್ರಮವಿದೆ. ತಾನೇ ಒಪ್ಪಿಕೊಳ್ಳಬೇಕು. ಗಂಭೀರ ತಪ್ಪು ಮಾಡಿ ಮುಚ್ಚಿಟ್ಟಿದ್ದರೆ ಎಷ್ಟು ದಿನ ಮುಚ್ಚಿಟ್ಟನೋ ಅಷ್ಟು ದಿನ ಪರಿವಾಸ ಎಂಬ ಪರೀಕ್ಷೆಯ ಅವಧಿ. ಆಮೇಲೆ ಅವನನ್ನು ಮರಳಿ ಸೇರಿಸಿಕೊಳ್ಳಲು ಕನಿಷ್ಠ ಇಪ್ಪತ್ತು ಭಿಕ್ಷುಗಳು ಸೇರಬೇಕು. ಒಬ್ಬನನ್ನು ವಾಪಸು ಕರೆಯಲು ಇಪ್ಪತ್ತು ಜನ ಬೇಕು ಎಂಬ ಈ ನಿಯಮ ನನಗೆ ಬಹಳ ಇಷ್ಟವಾಯಿತು. ನಮ್ಮಲ್ಲಿ ಆಚೆಗೆ ಹಾಕಲು ಇಪ್ಪತ್ತು ಜನ ಸೇರುತ್ತಾರೆ, ಕರೆಯಲು ತಾಯಿ ಒಬ್ಬಳೇ ಹೋಗುತ್ತಾಳೆ. ಪ್ರೀತಿಯಿಂದ ತಿದ್ದುವ ದಾರಿ ಪರದೇಶದಿಂದ ಹಡಗಿನಲ್ಲಿ ಬಂದದ್ದು ಮಾತ್ರ ಅಂತ ಯಾರೂ ಹೇಳಬೇಕಾಗಿಲ್ಲ. ನಮ್ಮ ನೆಲದಲ್ಲೂ ಇತ್ತು. ನಮ್ಮ ಕೇರಿಯ ತನಕ ಅದನ್ನು ಬರಗೊಡಲಿಲ್ಲ ಅಷ್ಟೆ. ಕೇರಿಗೆ ಬಂದದ್ದು ಒಡೆಯರ ನ್ಯಾಯದ ನಕಲು. 1951ರಲ್ಲಿ ಪಕ್ಕದ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿ ರೈತರು ಕೊಳಗದ ಅಳತೆ ಸರಿ ಮಾಡಿ ಅಂದಾಗ ಒಡೆಯರು ಅವರನ್ನು ಭೂಮಿಯಿಂದಲೇ ಬಿಡಿಸಲು ಹೋದರು. ಮೇಲಿನವರು ಬುದ್ಧಿ ಕಲಿಸುವುದು ಅಂದರೆ ಹೊಟ್ಟೆಗೆ ಹೊಡೆಯುವುದು. ನಮ್ಮ ಕಟ್ಟೆ ಕಲಿತದ್ದೂ ಅದನ್ನೇ.

ಸೊರಬ ತಾಲೂಕಿನ ಚಂದ್ರಗುತ್ತಿಯ ಮಾತು ಎತ್ತದೆ ಈ ಸೀಮೆಯಲ್ಲಿ ತಿದ್ದುವುದರ ಬಗ್ಗೆ ಬರೆಯುವ ಹಾಗಿಲ್ಲ. ವರದಾ ನದಿಯಲ್ಲಿ ಮಿಂದು, ಮೈಮೇಲೆ ನೂಲಿಲ್ಲದೆ, ಗುಡ್ಡದ ರೇಣುಕಾಂಬೆಯ ಗುಡಿಗೆ ಹೋಗುವ ಬೆತ್ತಲೆ ಸೇವೆ ಅಲ್ಲಿ ನಡೆಯುತ್ತಿತ್ತು. ಹರಕೆ ಹೊತ್ತವರಲ್ಲಿ ಹೆಚ್ಚಿನವರು ನಮ್ಮಂಥ ಬಡ ಜಾತಿಗಳ ಅವ್ವಂದಿರು, ಅಕ್ಕಂದಿರು. 1986ರ ಮಾರ್ಚಿನಲ್ಲಿ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರು ಇದನ್ನು ತಡೆಯಲು ಹೋದರು. ಪೊಲೀಸರೂ ಇದ್ದರು, ಪತ್ರಕರ್ತರೂ ಇದ್ದರು. ಗುಂಪು ಅವರ ಮೇಲೆ ಬಿತ್ತು. ಹೊಡೆದರು, ಬಟ್ಟೆ ಕಿತ್ತರು, ಮಹಿಳಾ ಪೊಲೀಸರನ್ನೂ ಬಿಡದೆ ಬೆತ್ತಲೆ ಮಾಡಿ ನಡೆಸಿದರು. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು. ನಿಷೇಧ ಸರಿ. ಹೋದವರ ಧೈರ್ಯ ದೊಡ್ಡದು. ಹಲ್ಲೆಯ ಹೊಣೆ ಮಾಡಿದವರದು, ಹಿಂದೆ ನಿಂತು ಮಾಡಿಸಿದವರದು. ಆ ಪದ್ಧತಿಯಿಂದ ಲಾಭ ತಿಂದ ಪುರೋಹಿತಶಾಹಿಯದು.

ಇದನ್ನು ಒಪ್ಪಿಕೊಂಡೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕಾಗಿದೆ. ಹರಕೆ ಹೊತ್ತ ಅವ್ವನ ಮನೆಯಲ್ಲಿ ವರ್ಷದ ಉಳಿದ ದಿನ ಕೂತು, ನಿನ್ನ ಸಂಕಟ ಏನವ್ವ, ಯಾವ ಕಾಯಿಲೆಗೆ, ಯಾವ ಮಗುವಿಗೆ ಈ ಹರಕೆ ಹೊತ್ತೆ ಅಂತ ಕೇಳುವವರು ಎಷ್ಟು ಜನ ಇದ್ದೇವೆ? ಆ ಕಾಲದವರನ್ನು ದೂರಲು ಈ ಮಾತು ಹೇಳುತ್ತಿಲ್ಲ. ಅವರು ಏಟು ತಿಂದು ಹಾದಿ ಮಾಡಿದರು, ನಾವು ಆ ಹಾದಿಯಲ್ಲಿ ನಡೆದು ಕಾಲೇಜಿಗೆ ಹೋದೆವು. ನನ್ನ ವಯಸ್ಸಿನವರನ್ನು ಕೇಳುತ್ತಿದ್ದೇನೆ.

ನಮ್ಮದೇ ಜಿಲ್ಲೆಯ ಭದ್ರಾವತಿಯಲ್ಲಿದ್ದ ಪ್ರೊ. ಬಿ. ಕೃಷ್ಣಪ್ಪನವರು 1970ರ ದಶಕದಲ್ಲಿ ಕಟ್ಟಿದ ಚಳವಳಿ ಮುಂದೆ ಬಣಗಳಾಗಿ ಒಡೆದದ್ದನ್ನು ನಾವೆಲ್ಲ ಕಂಡಿದ್ದೇವೆ. ಇವತ್ತು ನಮ್ಮ ಸಂಘಟನೆಗಳಲ್ಲಿ ಒಬ್ಬ ಹುಡುಗ ತಪ್ಪು ಮಾಡಿದರೆ, ಚಂದಾ ಹಣ ಮುಟ್ಟಿದರೆ, ಕುಡಿದು ಸಭೆಗೆ ಬಂದರೆ, ನಾವು ಏನು ಮಾಡುತ್ತೇವೆ? ವಾಟ್ಸಾಪಿನಲ್ಲಿ ಮೊದಲು ಹಾಕುತ್ತೇವೆ. ಆಮೇಲೆ ಪತ್ರಿಕಾ ಹೇಳಿಕೆ ಕೊಟ್ಟು ಉಚ್ಚಾಟನೆ ಮಾಡುತ್ತೇವೆ. ಮೊದಲನೇ ಮೆಟ್ಟಿಲೂ ಇಲ್ಲ, ಎರಡನೆಯದೂ ಇಲ್ಲ, ನೇರ ಕೊನೆಯದು. ಆ ಹುಡುಗನನ್ನು ಮರುವಾರ ಬಾಡೂಟ ಹಾಕಿ ಕರೆದುಕೊಳ್ಳಲು ಬೇರೆ ಪಕ್ಷದವರು ತಯಾರಾಗಿರುತ್ತಾರೆ. ಅವನು ಅಲ್ಲಿ ಹೋಗಿ ನಮ್ಮ ಮೇಲೆಯೇ ಕಲ್ಲು ಎಸೆದಾಗ ನಾವು 'ದ್ರೋಹಿ' ಅನ್ನುತ್ತೇವೆ. ಅವನ ಮನೆಗೆ ನಮ್ಮಲ್ಲಿ ಒಬ್ಬನಾದರೂ ಹೋಗಿದ್ದನೇ?

ಹೇಳಬೇಕಾದ್ದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮೊದಲು ಒಬ್ಬನೇ ಹೋಗಬೇಕು, ಯಾಕೆಂದರೆ ನಮ್ಮ ಜನಕ್ಕೆ ಮಾನ ಬಿಟ್ಟರೆ ಬೇರೆ ಆಸ್ತಿ ಇಲ್ಲ. ತಪ್ಪು ಮಾಡಿದವನಿಗೂ, ಮಾಡಿದಳು ಅನ್ನಿಸಿಕೊಂಡವಳಿಗೂ ಮಾತಾಡಲು ಬಿಡಬೇಕು. ತಿದ್ದುವವನ ಕೈಯಲ್ಲಿ ಅವರ ಅನ್ನ ಇರಬಾರದು. ತಿದ್ದುವವನು ತನ್ನ ಪಾಲಿನ ತಪ್ಪನ್ನೂ ಹೇಳಬೇಕು, ಆ ಮೇಸ್ತ್ರಿ ಹೇಳಿದ ಹಾಗೆ. ಶಿಕ್ಷೆ ಇಂಥ ದಿನ ಮುಗಿಯುತ್ತದೆ ಅಂತ ಮೊದಲೇ ಗೊತ್ತಿರಬೇಕು. ಮುಗಿದ ದಿನ ಎಲ್ಲರೂ ಸೇರಿ ಕರೆಯಬೇಕು. ಇದರಲ್ಲಿ ದೇವರನ್ನು ನಂಬುವವರು ಮಾತ್ರ ಮಾಡಬಹುದಾದ್ದು ಏನಿದೆ?

ನಮ್ಮ ಭಾಷೆಯಲ್ಲಿ ತಿದ್ದುವುದು ಅಂದರೆ ಅಕ್ಷರ ಕಲಿಸುವುದೂ ಹೌದು. ನಮ್ಮ ಮನೆಯಲ್ಲಿ ಮೊದಲು ಅಕ್ಷರ ತಿದ್ದಿದವನು ನಾನು. ಅಂಗನವಾಡಿಯ ಟೀಚರಕ್ಕ ನನ್ನ ಬೆರಳು ಹಿಡಿದು ಮರಳಿನ ಮೇಲೆ 'ಅ' ಬರೆಸುತ್ತಿದ್ದಳು. ವಕ್ರ ಆದರೆ ಅಳಿಸಿ ಮತ್ತೆ ಅದರ ಮೇಲೇ ಬರೆಸುತ್ತಿದ್ದಳು. ಒಂದು ದಿನವೂ ಕೈ ಬಿಟ್ಟು ದೂರ ನಿಂತು ಬೈದದ್ದಿಲ್ಲ. ಬಿಟ್ಟಿದ್ದರೆ ಈ ಲೇಖನ ಬರೆಯುವ ಕೈ ಇರುತ್ತಿರಲಿಲ್ಲ.

ಇಪ್ಪತ್ತು ವಾರ ಮುಗಿದದ್ದು ಕ್ರಿಸ್‌ಮಸ್ಸಿಗೆ ಒಂದೆರಡು ವಾರ ಮೊದಲು. ಹುಡುಗ ಕೊನೆಯ ಇನ್ನೂರು ಕಟ್ಟಿದ ಭಾನುವಾರ ಕೀಬೋರ್ಡಿನ ಮುಂದೆ ಕೂತ. ದೊಡ್ಡವ್ವ ಮತ್ತು ಅವನು ಒಂದೇ ತಟ್ಟೆಯಿಂದ ರೊಟ್ಟಿ ತೆಗೆದುಕೊಂಡರಂತೆ. ಪೆಟ್ಟಿಗೆಗೆ ಈಗ ಎರಡು ಬೀಗ, ಕೈಗಳು ಇಬ್ಬರ ಹತ್ತಿರ. ಮೊಬೈಲಿನ ಚಟ ಪೂರ್ತಿ ಬಿಟ್ಟಿದ್ದಾನೋ ಇಲ್ಲವೋ ಹೇಳಲಾರೆ. ಮೇಸ್ತ್ರಿ ಮಾತ್ರ ಇನ್ನೂ ಅವನನ್ನು ಕೆಲಸಕ್ಕೆ ಕರೆಯುತ್ತಾರೆ, ಈಗ ಕೂಲಿ ಅವನ ಕೈಗೇ ಕೊಡುತ್ತಾರೆ.

ದೊಡ್ಡವ್ವ ಕೇಳಿದ ಪ್ರಶ್ನೆಯ ಮಾರನೇ ವಾರ ಪಾಸ್ಟರು ಆ ಹುಡುಗಿಯ ಮನೆಗೆ ಹೋಗಿ, ಸಭೆಯದೇ ತಪ್ಪು ಅಂತ ಹೇಳಿ ಬಂದರು. ಅವಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ಒಳಗೆ ಹೋದಳು. ಇನ್ನೂ ಬಂದಿಲ್ಲ. ದೊಡ್ಡವ್ವ ತಿಂಗಳಿಗೊಮ್ಮೆ ಅವಳನ್ನು ನೋಡಿಕೊಂಡು ಬರುತ್ತಾಳೆ, ಸಭೆಗೆ ಬಾ ಅಂತ ಹೇಳುವುದಿಲ್ಲವಂತೆ.

ಇದನ್ನೆಲ್ಲ ನಾನು ಅಜ್ಜಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನೆ ಎಲೆ ಅಡಿಕೆ ಕುಟ್ಟುತ್ತಾ ಕೂತಳು. ಆಮೇಲೆ ಅಂದಳು: 'ನಿಮ್ಮಜ್ಜನ್ನ ಯಾರಾರ ಒಬ್ರು ಕೆರೆ ಏರಿಗೆ ಕರ್ಕೊಂಡು ಹೋಗಿದ್ರೆ ಸಾಕಿತ್ತು ಕಣೋ.'